ಕಡಲು ಶುರುವಾಗುವುದು ನಮ್ಮ ತೋಡಿನಿಂದ

ಪುತ್ತೂರು, ಸುಳ್ಯ, ಕಡಬ ಕಡೆಯ ಮಕ್ಕಳಿಗೆ ಕಡಲು ಎಂದರೆ ಶಾಲಾ ಪ್ರವಾಸದಲ್ಲಿ ಕಾಲು ನೆನೆಸಿ ಬರುವ ಜಾಗ. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ಸುಳ್ಯ, ಸುಬ್ರಹ್ಮಣ್ಯದಿಂದ ಇನ್ನೂ ದೂರ. ಆದರೆ ಬೆಳಗ್ಗೆ ಹಾರ್ನ್ ಹೊಡೆಯುತ್ತಾ ಬರುವ ಮೀನಿನ ಸ್ಕೂಟರ್ ಕಡಲನ್ನು ನಮ್ಮ ಅಂಗಳಕ್ಕೇ ತಂದು ನಿಲ್ಲಿಸುತ್ತದೆ. ಕಡಲಿನಿಂದ ನಮಗೆ ಬರುವುದೇನೆಂದು ಮನೆಯ ಪ್ರತಿಯೊಬ್ಬ ಹೆಣ್ಣುಮಗಳಿಗೂ ಗೊತ್ತು. ನಮ್ಮಿಂದ ಕಡಲಿಗೆ ಹೋಗುವುದೇನು? ಇದನ್ನು ತಿಳಿಯಲು ಹೊಳೆಯ ಜೊತೆ ಒಂದು ಪ್ರವಾಸ ಮಾಡಬೇಕು.

ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿ ರಚಿಸಿದ ಹೊಸ ತಾಲೂಕು ಕಡಬ. ಪುಷ್ಪಗಿರಿಯ ಬೆಟ್ಟಗಳಿಂದ ಇಳಿಯುವ ಕುಮಾರಧಾರಾ ಸುಬ್ರಹ್ಮಣ್ಯವನ್ನು ದಾಟಿ, ಶಾಂತಿಮೊಗರು ಸೇತುವೆಯ ಕೆಳಗೆ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಈ ದಾರಿಯುದ್ದಕ್ಕೂ ಅಡಿಕೆ ಮತ್ತು ರಬ್ಬರ್ ತೋಟಗಳು. ತೋಟದ ಪ್ರತಿಯೊಂದು ತೋಡೂ ಹೊಳೆಗೆ ಸೇರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ. ಅದರಲ್ಲಿರುವ ತಾಮ್ರ ಶಿಲೀಂಧ್ರವನ್ನು ಕೊಲ್ಲುವಂತೆ ನೀರಿನ ಪಾಚಿಗೂ ಮೀನಿನ ಮರಿಗಳಿಗೂ ವಿಷವಾಗಬಲ್ಲದು. ಮದ್ದಿನ ಡ್ರಮ್ಮನ್ನು ತೋಡಿನಲ್ಲಿ ತೊಳೆಯದಿದ್ದರೆ ಅಷ್ಟರಮಟ್ಟಿಗೆ ಹೊಳೆ ಉಳಿಯುತ್ತದೆ.

ಉಪ್ಪಿನಂಗಡಿಯ ಹಿರಿಯರು 1974ರ ನೆರೆಯನ್ನು ಇಂದಿಗೂ ನೆನೆಯುತ್ತಾರೆ. ಮಳೆಗಾಲದಲ್ಲಿ ಇಲ್ಲಿ ನಿಂತು ನೋಡಿದರೆ ಎರಡೂ ಹೊಳೆಗಳ ನೀರು ಕೆಂಪು. ಆ ಕೆಂಪು ನಮ್ಮ ಗುಡ್ಡಗಳ ಮಣ್ಣು. ಹೊಳೆಯ ಈ ಮಣ್ಣಿನ ಸಾರ ಕರಾವಳಿಯ ನೀರನ್ನು ಸೇರುತ್ತದೆ. ಅದೇ ಮಳೆಗಾಲದಲ್ಲಿ ಕಡಲಿನ ಆಳದ ತಣ್ಣನೆಯ ನೀರೂ ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ಇವುಗಳನ್ನು ಉಂಡು ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಬೆಳೆಯುತ್ತವೆ. ಅವನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಹೊಳೆ ಕಡಲಿಗೆ ಮರಳನ್ನೂ ಕೊಡುತ್ತದೆ. ಆ ಮರಳು ತಲುಪದಿದ್ದರೆ ಅಲೆ ಕೊಚ್ಚಿಕೊಂಡು ಹೋದ ತೀರ ಮತ್ತೆ ತುಂಬುವುದು ಕಷ್ಟ. ಉಳ್ಳಾಲದ ತೀರದಲ್ಲಿ ಕಡಲ್ಕೊರೆತಕ್ಕೆ ಮನೆಗಳು, ತೆಂಗಿನಮರಗಳು ಹೋದುದನ್ನು ನಾವೆಲ್ಲ ಕಂಡಿದ್ದೇವೆ. ಕೊರೆತಕ್ಕೆ ಹಲವು ಕಾರಣಗಳಿವೆ; ಹೊಳೆಯ ಮರಳನ್ನು ಮಿತಿಮೀರಿ ತೆಗೆಯುವುದೂ ತೀರಕ್ಕೆ ನಷ್ಟವೇ.

ಹೊಳೆ ಮತ್ತು ಕಡಲಿನ ನಂಟಿಗೆ ಇನ್ನೊಂದು ಸಾಕ್ಷಿ ಹಾವುಮೀನು. ಪಶ್ಚಿಮಘಟ್ಟದ ಹೊಳೆಗಳಲ್ಲಿ ವರ್ಷಗಟ್ಟಲೆ ಬೆಳೆಯುವ ಇದು ಮೊಟ್ಟೆಯಿಡಲು ಕಡಲಿಗೆ ಇಳಿಯುತ್ತದೆ. ಮರಿಗಳು ಕಡಲಿನಿಂದ ಹೊಳೆಗೆ ಏರಿ ಬರಬೇಕು. ದಾರಿಯಲ್ಲಿ ಅಣೆಕಟ್ಟು ಅಡ್ಡ ಬಂದರೆ ಆ ಸಂತತಿಗೆ ತೊಂದರೆ.

ಮಂಗಳೂರಿನ ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಗೆ ಹೋದರೆ ಮಕ್ಕಳಿಗೆ ಇಡೀ ಪಾಠ ಒಂದೇ ನೋಟದಲ್ಲಿ ಸಿಗುತ್ತದೆ. ಒಂದು ಬದಿಯಲ್ಲಿ ಹೊಳೆ, ಇನ್ನೊಂದು ಬದಿಯಲ್ಲಿ ಅರಬ್ಬೀ ಸಮುದ್ರ, ನಡುವೆ ಮರಳಿನ ಪಟ್ಟಿಯ ಮೇಲೆ ಮೀನುಗಾರರ ಮನೆಗಳು. ಎದುರಿನ ದಕ್ಕೆಯಲ್ಲಿ ಬೋಟುಗಳ ಸಾಲು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಇದೇ ಮಂಗಳೂರಿನಲ್ಲಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನವನ್ನು ಕಲಿಸುತ್ತಾರೆ. ಕಡಲಿನ ಓದಿಗೆ ನಮ್ಮ ಹೆಣ್ಣುಮಕ್ಕಳು ದೂರದ ಊರಿಗೆ ಹೋಗಬೇಕಾಗಿಲ್ಲ ಎಂಬುದು ಅನೇಕ ಮನೆಗಳಿಗೆ ತಿಳಿದೇ ಇಲ್ಲ.

ಸುಳ್ಯದ ಹೊಳೆಯ ದಾರಿ ಬೇರೆ. ಕೊಡಗಿನಿಂದ ಸಂಪಾಜೆಯ ಮೂಲಕ ಬರುವ ಪಯಸ್ವಿನಿ ಕಾಸರಗೋಡಿಗೆ ಹರಿದು ಚಂದ್ರಗಿರಿಯಾಗಿ, ಮಾಲಿಕ್ ದೀನಾರ್ ಮಸೀದಿಯಿರುವ ತಳಂಗರೆಯ ಬಳಿ ಕಡಲು ಸೇರುತ್ತದೆ. ಮೀಟರಿಗಿಂತಲೂ ಉದ್ದ ಬೆಳೆಯಬಲ್ಲ, ಮರಳಿನಡಿ ಹುದುಗಿ ದಿನ ಕಳೆಯುವ ಅಪರೂಪದ ಕ್ಯಾಂಟರ್ ಮೃದುಚಿಪ್ಪಿನ ಆಮೆ ಈ ಚಂದ್ರಗಿರಿಯಲ್ಲಿ ಮೊಟ್ಟೆಯಿಡುವುದನ್ನು ಆಯುಷಿ ಜೈನ್ ಎಂಬ ಯುವ ಸಂಶೋಧಕಿ ದಾಖಲಿಸಿದರು. ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಆಮೆಯ ಸುಳಿವು ಕೊಟ್ಟವರು ಹೊಳೆಬದಿಯ ಜನರೇ. ಅದೇ ವರ್ಷ ಮಂಗಳೂರಿನ ಸಸಿಹಿತ್ಲು ತೀರದಲ್ಲಿ ಆಲಿವ್ ರಿಡ್ಲಿ ಕಡಲಾಮೆಯ ಮೊಟ್ಟೆಗಳನ್ನು ಅರಣ್ಯ ಇಲಾಖೆ ರಕ್ಷಿಸಿತು. ಕಡಲಾಮೆಗಳಿಗೆ ತೇಲುವ ಪ್ಲಾಸ್ಟಿಕ್ ಚೀಲ ಅಂಬಲಿಮೀನಿನಂತೆ ಕಾಣುತ್ತದೆ. ನಾವು ಸೇತುವೆಯಿಂದ ಎಸೆಯುವ ಚೀಲ ಮತ್ತು ಮಗುವಿನ ಡಯಾಪರ್ ಕೊನೆಗೆ ಮುಟ್ಟುವುದು ಅಲ್ಲಿಗೇ.

ಇನ್ನು ಅಡುಗೆಮನೆಯ ಮಾತು. ಕೇರಳದ ಕರಾವಳಿಯಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿಯ ಹಿಡಿತ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿಯಿತು. ಕಡಲಿನ ಬಿಸಿ ಮತ್ತು ಹವಾಮಾನದ ಏರುಪೇರು ನಮ್ಮ ಕೈಯಲ್ಲಿಲ್ಲ. ಆದರೆ ಮರಿಮೀನನ್ನು ಕೊಳ್ಳದಿರುವುದು ನಮ್ಮ ಕೈಯಲ್ಲಿದೆ. ಕೇರಳ ಸರಕಾರ ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕನಿಷ್ಠ ಉದ್ದ ನಿಗದಿ ಮಾಡಿದೆ. ಒಮ್ಮೆಯಾದರೂ ಮೊಟ್ಟೆಯಿಡಲು ಮೀನಿಗೆ ಅವಕಾಶ ಸಿಗಲಿ ಎಂಬುದೇ ಇದರ ಉದ್ದೇಶ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ ಕೊಡುವುದೂ ಮೀನು ಮರಿಮಾಡಲಿ ಎಂದೇ. ಮಕ್ಕಳ ಕೈಗೆ ಶಾಲೆಯ ಸ್ಕೇಲ್ ಕೊಟ್ಟು ಮೀನಿನ ಬಟ್ಟಲಿನ ಪಕ್ಕ ಕೂರಿಸಿ; ಅಳೆದು ಬರೆದಿಡಲಿ. ಬೆರಳುದ್ದದ ಮೀನನ್ನು ನಾವು ಬೇಡ ಎಂದರೆ ಮಾರುವವರೂ ತರುವುದನ್ನು ಕಡಿಮೆ ಮಾಡುತ್ತಾರೆ.

ಶಿಕ್ಷಕರಿಗೂ ಇದು ಕಷ್ಟದ ಕೆಲಸವಲ್ಲ. ಮಳೆಗಾಲದ ತೋಡಿನ ನೀರನ್ನು ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಇಟ್ಟರೆ ತಳದಲ್ಲಿ ಎಷ್ಟು ಮಣ್ಣು ಕೂರುತ್ತದೆಂದು ಮಕ್ಕಳೇ ನೋಡಬಹುದು. ಒಂದು ಲೋಟ ಸಿಹಿನೀರಿನಲ್ಲಿ ಮುಳುಗಿದ ಕೋಳಿಮೊಟ್ಟೆ, ಸಾಕಷ್ಟು ಉಪ್ಪು ಕರಗಿಸಿದ ನೀರಿನಲ್ಲಿ ತೇಲುತ್ತದೆ. ಹೊಳೆಯ ಸಿಹಿನೀರು ಅಳಿವೆಯಲ್ಲಿ ಉಪ್ಪುನೀರಿನ ಮೇಲೆ ಹರಡುವುದೇಕೆಂದು ಇದರಿಂದಲೇ ವಿವರಿಸಬಹುದು. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ' ಬರೆದು ಕನ್ನಡದ ಮಕ್ಕಳ ಮುಂದೆ ಜಗತ್ತನ್ನು ತೆರೆದಿಟ್ಟವರು. ಆ ಊರಿನ ಮಕ್ಕಳಿಗೆ ಕಡಲಿನ ಪಾಠ ದೂರವಾಗಬಾರದು.

ಜೂನ್ 8 ವಿಶ್ವ ಸಾಗರ ದಿನ. ಆಗ ಶಾಲೆಗಳು ತೆರೆದಿರುತ್ತವೆ, ತೋಡುಗಳೂ ತುಂಬತೊಡಗುತ್ತವೆ. ಆ ದಿನ ಮಕ್ಕಳನ್ನು ಮನೆ ಹತ್ತಿರದ ತೋಡಿನ ಬಳಿಗೆ ಕರೆದೊಯ್ದು, ಈ ನೀರು ಯಾವ ಹೊಳೆ ಸೇರಿ ಎಲ್ಲಿ ಕಡಲು ಮುಟ್ಟುತ್ತದೆ ಎಂದು ಕೇಳಿ ನೋಡಿ. ಉತ್ತರ ಗೊತ್ತಿರುವ ಮಗು ಆ ತೋಡಿಗೆ ಚೀಲ ಎಸೆಯುವ ಮುಂಚೆ ಒಮ್ಮೆ ಯೋಚಿಸುತ್ತದೆ.