ಲಕ್ಸರ್ ಪೇಟೆಯಲ್ಲಿ ಬೋಣಿ

ಬಿಸಿಲು ನಮಗೇನು ಹೊಸದಾ ಅಂದುಕೊಂಡು ಮೇ ತಿಂಗಳಲ್ಲಿ ಈಜಿಪ್ಟಿನ ಲಕ್ಸರ್‌ಗೆ ಹೋದೆ. ತಪ್ಪಾಯಿತು. ಬೆಳಗ್ಗೆ ಒಂಬತ್ತಕ್ಕೇ ನೆತ್ತಿ ಸುಡುತ್ತಿತ್ತು. ದುಬೈಯಲ್ಲಿ ಕೆಲಸಕ್ಕಿರುವ ಗೆಳತಿ ಜೊತೆಗಿದ್ದಳು. ಅವತ್ತು ಗೈಡೂ ಇಲ್ಲ, ಬಸ್ಸಿನ ಅವಸರವೂ ಇಲ್ಲ. ನಮ್ಮ ಪಾಡಿಗೆ ನಾವು ಸುತ್ತೋಣ ಅಂತ ಹೊರಟೆವು.

ಮೊದಲು ಕಾರ್ನಾಕ್ ದೇವಸ್ಥಾನ. ಮೂರು ಸಾವಿರ ವರ್ಷಕ್ಕೂ ಹಳೆಯದಾದ ಒಂದೇ ಮಂಟಪದಲ್ಲಿ 134 ಕಂಬಗಳು. ನಡುವಿನ 12 ಕಂಬಗಳಂತೂ 21 ಮೀಟರ್ ಎತ್ತರ, ತಲೆಯೆತ್ತಿ ನೋಡಿದರೆ ಕತ್ತು ನೋಯುತ್ತದೆ. ಫೋಟೋ ತೆಗೆದದ್ದು ಸಾಕಾಗಿ ಕಂಬದ ನೆರಳಲ್ಲಿ ಒಂದು ಗಂಟೆ ಸುಮ್ಮನೆ ಕೂತಿದ್ದೆವು.

ಹೊರಗೆ ಬಂದು ಕಬ್ಬಿನ ಹಾಲು ಕುಡಿದೆವು. ಶುಂಠಿ ಇಲ್ಲ, ನಿಂಬೆ ಇಲ್ಲ, ಬರೀ ಕಬ್ಬು. ನೈಲ್ ನದಿ ದಂಡೆಯ ಈ ಸೀಮೆಯಲ್ಲಿ ನಮ್ಮ ಮಂಡ್ಯದ ಹಾಗೆ ಕಬ್ಬಿನ ಗದ್ದೆಗಳು. ಕಬ್ಬನ್ನು ಕಾರ್ಖಾನೆಗೆ ಸಾಗಿಸೋಕೆ ಗದ್ದೆ ಪಕ್ಕದಲ್ಲೇ ಪುಟ್ಟ ರೈಲು ಹಳಿಗಳಿವೆ. ನಮ್ಮಪ್ಪ ನೋಡಿದ್ದರೆ ದೇವಸ್ಥಾನ ಬಿಟ್ಟು ಅಲ್ಲೇ ನಿಂತುಬಿಡುತ್ತಿದ್ದರು.

ಊರ ನಡುವೆ ಇನ್ನೊಂದು ದೇವಸ್ಥಾನವಿದೆ, ಲಕ್ಸರ್ ದೇವಸ್ಥಾನ. ಬಾಗಿಲ ಮುಂದೆ ಒಂದೇ ಕಲ್ಲಿನ ದೊಡ್ಡ ಕಂಬ ಒಂಟಿಯಾಗಿ ನಿಂತಿದೆ. ಅದರ ಜೋಡಿ ಕಂಬವನ್ನು 1836ರಲ್ಲಿ ಪ್ಯಾರಿಸ್ಸಿನಲ್ಲಿ ನಿಲ್ಲಿಸಿದರು. ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಪಾಷಾ ಅದನ್ನು ಫ್ರಾನ್ಸಿಗೆ ಕೊಟ್ಟ. ಫ್ರಾನ್ಸಿನವರು ಬದಲಿಗೆ ಒಂದು ಗಡಿಯಾರ ಕೊಟ್ಟರು. ಕೈರೋ ಕೋಟೆಯ ಮಸೀದಿಯಲ್ಲಿರುವ ಆ ಗಡಿಯಾರ ನಡೆದದ್ದಕ್ಕಿಂತ ಕೆಟ್ಟು ನಿಂತದ್ದೇ ಹೆಚ್ಚಂತೆ! ಇಂಥಾ ವ್ಯಾಪಾರ ಮಾಡಿದವರ ಊರಲ್ಲಿ ನಾನು ಮೋಸ ಹೋಗಲ್ಲ ಅಂತ ನಗುತ್ತಾ ಪೇಟೆಗೆ ಹೋದೆ.

ಸಂಜೆ ನಾಲ್ಕಾಗಿತ್ತು. ಪೇಟೆಯಲ್ಲಿ ಗಿರಾಕಿಗಳಿಗಿಂತ ಬೆಕ್ಕುಗಳೇ ಹೆಚ್ಚಿದ್ದವು. 'ಇಂಡಿಯಾ? ಅಮಿತಾಬ್ ಬಚ್ಚನ್!' ಅಂತ ಒಂದೊಂದು ಅಂಗಡಿಯಿಂದಲೂ ಕೂಗು. ವಯಸ್ಸಾದ ಒಬ್ಬರ ಅಂಗಡಿಯಲ್ಲಿ ಅವ್ವನಿಗೆ ಅಂತ ನೀಲಿ ಬಣ್ಣದ ಹತ್ತಿ ಶಾಲು ಹಿಡಿದೆ. ಅವರು ಕ್ಯಾಲ್ಕುಲೇಟರಲ್ಲಿ 500 ಒತ್ತಿ ತೋರಿಸಿದರು. ಅಲ್ಲಿನ ಒಂದು ಪೌಂಡು ನಮ್ಮ ಎರಡು ರೂಪಾಯಿಗೂ ಕಡಿಮೆ. ನಾನು 100 ಒತ್ತಿದೆ. ಅವರು ಎದೆ ಮೇಲೆ ಕೈ ಇಟ್ಟುಕೊಂಡರು. 400. 120. ನಾನು ಶಾಲು ಬಿಟ್ಟು ಹತ್ತು ಹೆಜ್ಜೆ ನಡೆದೆ. ಈ ಆಟ ನನಗೆ ಚೆನ್ನಾಗಿ ಗೊತ್ತು. ಅವ್ವ ಸಂತೆಯಲ್ಲಿ ಸೊಪ್ಪು ಮಾರುವವಳು, ಹತ್ತು ಹೆಜ್ಜೆ ಹೋಗಿ ತಿರುಗಿ ನೋಡುವವರನ್ನು ಅವಳ ಪಕ್ಕ ಕೂತು ನೋಡುತ್ತಲೇ ಬೆಳೆದೆ. ಹಿಂದಿನಿಂದ ಕೂಗಿದರು. 150ಕ್ಕೆ ಮುಗಿಯಿತು.

ದುಡ್ಡು ಕೊಟ್ಟಾಗ ಅವರು ನೋಟುಗಳಿಗೆ ಮುತ್ತಿಟ್ಟು ಹಣೆಗೆ ಮುಟ್ಟಿಸಿಕೊಂಡರು. 'ಇಸ್ತಿಫ್ತಾಹ್' ಅಂದರು. ಅರಬ್ಬಿ ಬಲ್ಲ ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು, 'ಬೋಣಿ ಕಣೆ. ಇವತ್ತಿನ ಮೊದಲ ವ್ಯಾಪಾರ.'

ಸಂಜೆ ನಾಲ್ಕಕ್ಕೆ ಬೋಣಿ! ಅವ್ವನೂ ಹೀಗೇ ನೋಟನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಮತ್ತೆ 100 ಪೌಂಡ್ ತೆಗೆದು ಕೊಡಹೋದೆ. ಅವರು ಕೈ ಅಡ್ಡ ಮಾಡಿ 'ಖಲಾಸ್' ಅಂದರು. ಮಾತು ಮುಗಿಯಿತು ಅಂತ. ಆಮೇಲೆ ಪಕ್ಕದ ಅಂಗಡಿಯಿಂದ ಕೆಂಪಗಿನ ಕರ್ಕದೆ ತರಿಸಿದರು. ಅದೂ ನಮ್ಮ ಪುಂಡಿ ಜಾತಿಯದೇ ಹೂವಿನ ಪಾನಕ, ಹುಳಿ ಹುಳಿ. ಅದಕ್ಕೂ ದುಡ್ಡು ತೆಗೆದುಕೊಳ್ಳಲಿಲ್ಲ. ಕುಡಿಯುವಾಗ ಅವರ ಮುಖ ನೋಡೋಕೆ ನನಗಾಗಲಿಲ್ಲ.

ರಾತ್ರಿ ಫೋನಲ್ಲಿ ಅವ್ವನಿಗೆ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ಲ ಕಣವ್ವ, ಬೋಣಿ ಹೊತ್ನಲ್ಲಿ ಅಷ್ಟೊಂದು ಜಗ್ಗಾಡದಾ?' ಅಂದಳು.

ಶಾಲನ್ನು ಅವಳು ಒಂದು ದಿನವೂ ಹೊದೆಯಲಿಲ್ಲ. ಸುತ್ತಿ ಸಿಂಬೆ ಮಾಡಿ ತಲೆ ಮೇಲಿಟ್ಟುಕೊಂಡು, ಸೋಮವಾರದ ಸಂತೆಗೆ ಸೊಪ್ಪಿನ ಬುಟ್ಟಿ ಹೊತ್ತು ಹೋಗುತ್ತಾಳೆ.