25 ವರ್ಷಕ್ಕ ಒಂದು ಫೋಟೋ

1/6
ಅಪ್ಪ-ಅವ್ವನ ಮದುವಿಗೆ ಈ ಡಿಸೆಂಬರ್‌ಗೆ 25 ವರ್ಷ ಆತು. ಇಷ್ಟು ವರ್ಷದಾಗ ಇಬ್ಬರೂ ಕೂಡಿ ಹೋಗಿದ್ದು ಅಂದ್ರ ಜಾತ್ರಿ, ಮಂದಿ ಮದುವಿ, ದವಾಖಾನಿ. ಸುಮ್ನ ಸುತ್ತಾಡಾಕಂತ ಎಲ್ಲೂ ಹೋಗಿಲ್ಲ. ಅಕ್ಕ ಗೋಕರ್ಣದಾಗ ಎರಡು ರಾತ್ರಿಗೆ ರೂಮ್ ಬುಕ್ ಮಾಡಿಬಿಟ್ಲು. ಅಪ್ಪನ ಮೊದಲ ಮಾತು: "ಕಬ್ಬ ಕಡಿಯೂ ಟೈಮಿನ್ಯಾಗ ಯಾವ ಸಮುದ್ರ?" ಅವ್ವಂದು: "ನೀ ಬಂದ್ರ ಅಷ್ಟ ನಾ ಬರ್ತೀನಿ." ಹಂಗಾಗಿ ಗಂಡ-ಹೆಂಡ್ತಿ ಟ್ರಿಪ್ಪಿಗೆ ನಾ ಫೋಟೋಗ್ರಾಫರ್. ಎಮ್ಮಿ ನೋಡ್ಕೊಳ್ಳಾಕ ತಮ್ಮ ಮನ್ಯಾಗ. ಪಾಪ.

2/6
ಫೋಟೋ ಯಾಕ ಅಷ್ಟು ಮುಖ್ಯ ಅಂದ್ರ, ನಮ್ಮ ಮನ್ಯಾಗ ಅವರಿಬ್ಬರೂ ಕೂಡಿರೋ ಒಂದ್ ಫೋಟೋನೂ ಇರಲಿಲ್ಲ. 2019ರ ಆಗಸ್ಟ್‌ನಾಗ ಕೃಷ್ಣಾ ಹೊಳಿ ಊರೊಳಗ ಬಂತು. ನೀರ ಇಳದ ಮ್ಯಾಲೆ ಬಂದು ಟ್ರಂಕ್ ತಗದ್ರ, ಮದುವಿ ಆಲ್ಬಮ್ಮಿನ ಹಾಳಿ ಒಂದಕ್ಕೊಂದು ಅಂಟಿ ಗಟ್ಟಿ ಆಗಿದ್ವು. ಬಿಡಿಸಾಕ ಹೋದ್ರ ಮುಖದ ಬಣ್ಣ ಎದ್ದು ಬಂತು. ಅವತ್ತಿಂದ ಅವ್ವ ಹೊಳಿ ದಂಡಿಗೆ ಹೋಗೂದ ಬಿಟ್ಟಾಳ. ಅರಿಬಿ ಒಗ್ಯಾಕೂ ಹೋಗಂಗಿಲ್ಲ. ಅಂಥಾಕಿನ್ನ ಸಮುದ್ರಕ್ಕ ಕರಕೊಂಡು ಹೊಂಟಿದ್ವಿ.

3/6
ಅಥಣಿಯಿಂದ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟ್, ಅಂಕೋಲಾ, ಗೋಕರ್ಣ. ಬಸ್ಸಿನ್ಯಾಗ ನನಗೂ ಅವ್ವಗೂ ಶಕ್ತಿ ಯೋಜನೆಯ ಜೀರೋ ಟಿಕೆಟ್, ಅಪ್ಪ ಒಬ್ಬನ ರೊಕ್ಕ ಕೊಟ್ಟ. "ನಾ ನಿಮ್ಮನ್ನ ಕರಕೊಂಡು ಹೊಂಟೇನೋ, ನೀವ ನನ್ನ ಕರಕೊಂಡು ಹೊಂಟೀರೋ?" ಅಂದ.

ದಾರ್ಯಾಗ ಅವ್ವಗ ಒಂದು ವಿಷಯ ಹೇಳಿದೆ. ನಮ್ಮ ಕೃಷ್ಣಾ ಹುಟ್ಟೂದು ಮಹಾರಾಷ್ಟ್ರದ ಮಹಾಬಳೇಶ್ವರದಾಗ. ಅಲ್ಲಿಂದ ಅರಬ್ಬಿ ಸಮುದ್ರ ಬರೀ 64 ಕಿ.ಮೀ. ಆದ್ರ ಹೊಳಿ ಆ ಸಮುದ್ರಕ್ಕ ಬೆನ್ನು ಮಾಡಿ ಪೂರ್ವಕ್ಕ ಹೊರಳತೈತಿ, ಸುಮಾರು 1,400 ಕಿ.ಮೀ. ಹರಿದು ಆಂಧ್ರದಾಗ ಬಂಗಾಳ ಕೊಲ್ಲಿ ಸೇರತೈತಿ. "ಇಲ್ಲಿ ನಮ್ಮ ಹೊಳಿ ನೀರಿಲ್ಲ ಬೇ." ಅವ್ವ ಏನೂ ಅನ್ನಲಿಲ್ಲ. ಗೋಕರ್ಣದ ಗುಡಿಯಾಗ ದೇವರ ಹೆಸರು ಮಹಾಬಲೇಶ್ವರ ಅಂತ ಕೇಳಿ, "ಹೊಳಿ ಹುಟ್ಟಿದ ಊರಿನ ಹೆಸರ ಅಲ್ಲೇನ ಇದು?" ಅಂತ ಇನ್ನೊಮ್ಮೆ ಕೈ ಮುಗದ್ಲು.

4/6
ಈ ಸ್ಲೈಡ್ ಫೋಟೋ ಹುಚ್ಚಿದ್ದವರಿಗೆ. ಎಲ್ಲ ಫೋನಿನ್ಯಾಗ ತಗದದ್ದು.
• ಮೊದಲ ಲೆನ್ಸ್ ಒರಸ್ರಿ. ಉಪ್ಪು ಗಾಳಿಗೆ ಫೋಟೋ ಮಸಕ ಬರತೈತಿ.
• ಗ್ರಿಡ್ ಆನ್ ಮಾಡ್ರಿ. ಸಮುದ್ರದ ಗೆರಿ ಸೊಟ್ಟ ಇದ್ರ ಉಳಿದದ್ದು ಎಷ್ಟ ಚಂದ ಇದ್ರೂ ದಂಡ.
• ಆಕಾಶದ ಬೆಳಕಿನ ಮ್ಯಾಲೆ ಬೆರಳು ಒತ್ತಿ ಹಿಡದು ಲಾಕ್ ಮಾಡಿ, ಬ್ರೈಟ್‌ನೆಸ್ ಕಡಿಮಿ ಮಾಡ್ರಿ. ಮಂದಿ ಕಪ್ಪು ನೆರಳಾಗ್ತಾರ, ಬಣ್ಣ ಉಳಿತೈತಿ.
• ತೆರಿ ಹಿಂದ ಸರದ ಮ್ಯಾಲೆ ಹಸಿ ಉಸುಕು ಕನ್ನಡಿ ಆಗತೈತಿ. ಫೋನ್ ನೆಲಕ್ಕ ಹತ್ರ ಹಿಡೀರಿ.
• ಡಿಸೆಂಬರ್‌ನಾಗ ಸೂರ್ಯ ಸುಮಾರು 6ಕ್ಕ ಮುಳುಗ್ತಾನ. ಮುಳುಗಿದ ಕೂಡಲೇ ಹೊಂಡಬ್ಯಾಡ್ರಿ. ಚಲೋ ಬಣ್ಣ ಆಮ್ಯಾಲೆ 20 ನಿಮಿಷ ಇರತೈತಿ.
ಮಳೆಗಾಲದಾಗ ಮಾತ್ರ ಇಲ್ಲಿ ನೀರಿಗೆ ಇಳೀಬ್ಯಾಡ್ರಿ, ರೀಲ್ಸ್‌ಗೂ ಬ್ಯಾಡ.

5/6
ಓಂ ಬೀಚ್. ಅವ್ವ ಒಂದು ತಾಸು ಬಂಡಿ ಮ್ಯಾಲೆ ಕುಂತ್ಲು. ಅಪ್ಪ ಧೋತರ ಮ್ಯಾಲೆ ಮಾಡಿ ಒಬ್ಬನ ಮೊಣಕಾಲ ಮಟ ನೀರಾಗ ನಿಂತಿದ್ದ. ಕರೀಲಿಲ್ಲ, ಒತ್ತಾಯ ಮಾಡ್ಲಿಲ್ಲ. ಬಿಸಿಲು ಇಳಿಯೂ ಹೊತ್ತಿಗೆ ಆಕಿನ ಎದ್ಲು, ಚಪ್ಪಲಿ ಬಿಟ್ಲು, ನಾಕ ಹೆಜ್ಜಿ ಹೋದ್ಲು. ಅಷ್ಟರಾಗ ದೊಡ್ಡ ತೆರಿ ಬಂತು. ಅಪ್ಪ ಅವ್ವನ ಹೆಸರು ಹಿಡದು ಚೀರಿ ಓಡಿ ಬಂದು ಕೈ ಹಿಡಕೊಂಡ.

ನಂಗ 20 ವರ್ಷ. ಅಪ್ಪ ಅವ್ವನ್ನ ಹೆಸರು ಹಿಡದು ಕರದದ್ದು ನಾ ಅವತ್ತ ಮೊದಲು ಕೇಳಿದ್ದು. ಮನ್ಯಾಗ ಯಾವಾಗಲೂ "ಏ, ಕೇಳಿಲ್ಲಿ" ಅಷ್ಟ.

ತೆರಿ ಹೋತು. ಅಪ್ಪ ಕೈ ಬಿಡಲಿಲ್ಲ. "ಬಿಡ, ಮಂದಿ ನೋಡ್ತಾರ" ಅಂದ್ಲು ಅವ್ವ, ತಾನೂ ಬಿಡಲಿಲ್ಲ. ಆಗ ತಗದ ಫೋಟೋ ಇದು. ಮುಕ್ಕಾಲು ಭಾಗ ಆಕಾಶ, ಕೆಳಗ ಒಂದು ಪಟ್ಟಿ ನೀರು, ಎಡಕ್ಕ ಎರಡು ಸಣ್ಣ ನೆರಳು. ಮುಖ ಕಾಣಂಗಿಲ್ಲ. ಸೀರಿ ಸೆರಗು, ಧೋತರ, ಕೂಡಿದ ಕೈ, ಇಷ್ಟ.

6/6
ಊರಿಗೆ ಬಂದ ಮರುದಿನ ಅಪ್ಪ ಕಬ್ಬಿನ ಗ್ಯಾಂಗ್ ಹಿಂದ, ಅವ್ವ ರೊಟ್ಟಿ ಬುಟ್ಟಿ ಹಿಂದ. ನಾ ಅಥಣಿಗೆ ಹೋಗಿ ಫೋಟೋ ಪ್ರಿಂಟ್ ಮಾಡಿಸಿ ಫ್ರೇಮ್ ಹಾಕಿಸಿದೆ. ಅವ್ವ ಬಾಳೊತ್ತು ನೋಡಿ, "ನನ್ನ ಮುಖ ಎಲ್ಲೈತಿ ಇದರಾಗ?" ಅಂದ್ಲು. ಆಮ್ಯಾಲೆ ಸೆರಗಿನ್ಯಾಗ ಗ್ಲಾಸ್ ಒರಸಿದ್ಲು.

ನಮ್ಮ ಪಡಸಾಲಿ ಗ್ವಾಡಿ ಮ್ಯಾಲೆ ಮಹಾಪೂರದ ಗೆರಿ ಇನ್ನೂ ಕಾಣತೈತಿ, ಎರಡ ಸಲ ಸುಣ್ಣ ಹಚ್ಚಿದ್ರೂ. ಅಪ್ಪ ಸ್ಟೂಲ್ ಹಾಕ್ಕೊಂಡು ಆ ಗೆರಿಗಿಂತ ಎರಡು ಕೈ ಮ್ಯಾಲೆ ಮೊಳಿ ಬಡದ.

ನಿಮ್ಮ ಮನ್ಯಾಗ ಅಪ್ಪ-ಅವ್ವ ಇಬ್ಬರೂ ಕೂಡಿರೋ ಫೋಟೋ ಐತೇನು? ಇವತ್ತ ಹುಡುಕ್ರಿ. ಇಲ್ಲಂದ್ರ ಸಂಜಿ 6ರೊಳಗ ಹೊರಗ ಕರಕೊಂಡು ಬರ್ರಿ. ಸಮುದ್ರನ ಬೇಕಂತಿಲ್ಲ, ಹೊಲದ ಬದುವಾದ್ರೂ ನಡೀತೈತಿ.

#ಅಥಣಿ #ಗೋಕರ್ಣ #ಅಪ್ಪಅವ್ವ