ಕಾರಿನ ಚೀಟಿ

ಕಾರು ತಗೊಳ್ಳೋಣ ಅಂತ ಹೊರಟಾಗ ನನಗಿದ್ದ ಪ್ರಶ್ನೆ ಎರಡೇ: ಎಷ್ಟು ಓಡಿದೆ, ಎಷ್ಟಕ್ಕೆ ಕೊಡ್ತಾರೆ? ಜರ್ಮನಿಯ ಬ್ರೌನ್‌ಶ್ವೈಗ್‌ಗೆ ಬಂದ ಮೇಲೆ ಆರು ವರ್ಷ ಟ್ರಾಮಿನಲ್ಲೇ ಓಡಾಡಿದ್ದೆವು. ಮಗಳು ಹುಟ್ಟಿದ ಮೇಲೆ ಮಳೆಯಲ್ಲಿ ತಳ್ಳುಗಾಡಿ, ತರಕಾರಿ ಚೀಲ ಎರಡನ್ನೂ ಹಿಡಿದು ಹತ್ತಿಳಿಯೋದು ಸಾಕಾಗಿಹೋಗಿತ್ತು. ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಸಿಕ್ಕಿತು. ಅದರ ಕಾರ್ಖಾನೆ ಇರುವ ವೋಲ್ಫ್ಸ್‌ಬುರ್ಗ್ ಇಲ್ಲಿಗೆ ಮೂವತ್ತು ಕಿಲೋಮೀಟರ್ ಅಷ್ಟೆ. ನಮ್ಮ ಬೀದಿಯ ಅರ್ಧ ಕಾರುಗಳು ಅವೇ.

ಮೈಸೂರಿನಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ ಹೇಳಿದಂತೆ ಅರಿಶಿನ-ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ಹೊರಗೆ ಬಂದರು. (ಇಲ್ಲಿ ಹಾಗೆಲ್ಲ ಅಜ್ಜಿ ಅನ್ನುವ ಹಾಗಿಲ್ಲ, 'ಫ್ರಾವ್' ಅಂತ ಸೇರಿಸಿ ಮನೆತನದ ಹೆಸರು ಹಿಡಿದೇ ಕರೀಬೇಕು. ನನ್ನ ಮನಸ್ಸಿನಲ್ಲಿ ಮಾತ್ರ ಅವರು ಅಜ್ಜಿ.) ಎಂಬತ್ತು ದಾಟಿದವರು. ನಿಂಬೆಹಣ್ಣು ಅಪ್ಪಚ್ಚಿಯಾಗೋದನ್ನು ನೋಡಿ ನಕ್ಕು, "ನಿಮಗೆ ದುಡ್ಡು ಕೊಟ್ಟ ವಾರಕ್ಕೇ ಕಾರು ಬಂತು. ನಮ್ಮಪ್ಪನಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡೀತು" ಅಂದರು.

ಆಮೇಲೆ ಕಾಫಿಗೆ ಕರೆದಾಗ ಕಥೆ ಹೇಳಿದರು. ಕೆಲಸಗಾರನ ಮನೆಯ ಮುಂದೆಯೂ ಒಂದು ಕಾರು ನಿಲ್ಲಬೇಕು ಅನ್ನೋದು ಹಿಟ್ಲರ್ ಕೊಟ್ಟ ಆಸೆ. ಬೆಲೆ 990 ಮಾರ್ಕ್. ವಾರಕ್ಕೆ 5 ಮಾರ್ಕ್ ಕೊಟ್ಟು ಸ್ಟಾಂಪು ತಗೊಂಡು ಕಾರ್ಡಿಗೆ ಅಂಟಿಸುತ್ತಾ ಹೋಗಬೇಕು. ಕಾರ್ಡು ತುಂಬಿದರೆ ಕಾರು. 1938ರ ಮೇ ತಿಂಗಳಲ್ಲಿ ಕಾರ್ಖಾನೆಗೆ ಹಿಟ್ಲರನೇ ಬಂದು ಅಡಿಗಲ್ಲು ಹಾಕಿದ. ಅದನ್ನು ನಡೆಸುತ್ತಿದ್ದದ್ದು ನಾತ್ಸಿಗಳ ಕಾರ್ಮಿಕ ಸಂಘಟನೆ. ಅದರ ಹತ್ತಿರ ಇದ್ದ ಆಸ್ತಿಯಲ್ಲಿ ಮುಚ್ಚಿಸಿದ ಟ್ರೇಡ್ ಯೂನಿಯನ್‌ಗಳಿಂದ ಕಿತ್ತುಕೊಂಡದ್ದೂ ಇತ್ತು! ಸುಮಾರು 3,36,000 ಜನ ದುಡ್ಡು ಕಟ್ಟಿದರು. ಅಷ್ಟರಲ್ಲಿ ಯುದ್ಧ ಬಂತು, ಕಾರ್ಖಾನೆಯಲ್ಲಿ ಸೈನ್ಯದ ಗಾಡಿಗಳು ತಯಾರಾದವು. ದುಡ್ಡು ಕಟ್ಟಿದ ಒಬ್ಬರಿಗೂ ಕಾರು ಸಿಗಲಿಲ್ಲ.

ಅಮ್ಮನಿಗೆ ಇದನ್ನು ಹೇಳಿದೆ. "ಅಯ್ಯೋ, ಚೀಟಿ ದುಡ್ಡು ತಿಂದ್ಹಾಕಿದ ಹಾಗಾಯ್ತಲ್ಲೇ!" ಅಂದರು. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೂ ಬರಲ್ಲ.

ಯುದ್ಧ ಮುಗಿದ ಮೇಲೆ ಕಾರ್ಡು ಇಟ್ಟುಕೊಂಡವರು ಕೋರ್ಟಿಗೆ ಹೋದರು. 1961ರಲ್ಲಿ ರಾಜಿಯಾಯಿತು. ಪೂರ್ತಿ ಕಟ್ಟಿದವರಿಗೆ ಹೊಸ ಕಾರಿನ ಮೇಲೆ 600 ಮಾರ್ಕ್ ರಿಯಾಯಿತಿ, ಇಲ್ಲವೇ ಕೈಗೆ 100 ಮಾರ್ಕ್. ಅಜ್ಜಿಯ ಅಪ್ಪ ರಿಯಾಯಿತಿ ತಗೊಂಡು, ಮೇಲಿಷ್ಟು ಸಾಲ ಮಾಡಿ ಬೀಟಲ್ ಮನೆಗೆ ತಂದರಂತೆ. ಮೋಸ ಮಾಡಿದ ಕಾರನ್ನೇ! "ಅವತ್ತು ಅಪ್ಪ ಅತ್ತುಬಿಟ್ಟಿದ್ದರು" ಅಂದರು ಅಜ್ಜಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಿಹಿಯಾದ ಕಥೆಯಾಗುತ್ತಿತ್ತು. ನನಗೆ ಕುತೂಹಲ ತಡೀಲಿಲ್ಲ, ಓದುತ್ತಾ ಹೋದೆ. ಗಂಡಸರೆಲ್ಲ ಯುದ್ಧಕ್ಕೆ ಹೋದಾಗ ಆ ಕಾರ್ಖಾನೆಯಲ್ಲಿ ದುಡಿದವರು ಯಾರು? ಸುಮಾರು 20,000 ಜನ ಬಲವಂತದ ಕೂಲಿಗಳು. ಪೋಲೆಂಡ್, ರಷ್ಯಾ, ಉಕ್ರೇನಿನಿಂದ ಹಿಡಿದು ತಂದವರು, ಯುದ್ಧಕೈದಿಗಳು, ಕಾನ್ಸಂಟ್ರೇಷನ್ ಕ್ಯಾಂಪಿನಿಂದ ತಂದವರು. ಅವರಲ್ಲಿ ಹೆಂಗಸರೂ ಇದ್ದರು. ಅವರು ಹೆತ್ತರೆ, ಮಗುವನ್ನು ಸ್ವಲ್ಪ ದಿನದಲ್ಲೇ ಬೇರೆ ಮಾಡಿ ತಾಯಿಯನ್ನು ಮತ್ತೆ ಕೆಲಸಕ್ಕೆ ಕಳಿಸುತ್ತಿದ್ದರು. 1944ರಲ್ಲಿ ಆ ಮಕ್ಕಳನ್ನು ಹತ್ತಿರದ ರೂಯೆನ್ ಅನ್ನೋ ಹಳ್ಳಿಗೆ ಸಾಗಿಸಿದರು. ಹೆಸರಿಗೆ ಶಿಶುಪಾಲನೆಯ ಜಾಗ. ಕೊಳೆ, ಸೋಂಕು, ನೋಡಿಕೊಳ್ಳುವವರಿಲ್ಲ. 300ಕ್ಕೂ ಹೆಚ್ಚು ಕೂಸುಗಳು ಸತ್ತವು. ಹೊಣೆ ಹೊತ್ತಿದ್ದ ಕಾರ್ಖಾನೆಯ ಡಾಕ್ಟರ್ ಹಾನ್ಸ್ ಕೋರ್ಬೆಲ್‌ನನ್ನು ಬ್ರಿಟಿಷರು ವಿಚಾರಣೆ ಮಾಡಿ 1947ರಲ್ಲಿ ಗಲ್ಲಿಗೇರಿಸಿದರು.

ಅವತ್ತು ರಾತ್ರಿ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದರೂ ನಿದ್ದೆ ಬರಲಿಲ್ಲ. ಕಾರು ಮಾರಿಬಿಡೋಣ ಅಂದೆ ಇವರಿಗೆ. "ಮಾರಿ ಯಾವುದು ತಗೋತೀಯಾ?" ಅಂದರು. ಮರ್ಸಿಡಿಸ್ ಮಾಡುತ್ತಿದ್ದ ಡೈಮ್ಲರ್ ಕೂಡ ಬಲವಂತದ ಕೂಲಿಗಳನ್ನು ದುಡಿಸಿಕೊಂಡಿತ್ತು. ಬಿಎಂಡಬ್ಲ್ಯು ಕೂಡ. ಅದರಲ್ಲಿ ದೊಡ್ಡ ಪಾಲಿರುವ ಕ್ವಾಂಟ್ ಕುಟುಂಬ ತನ್ನ ಇತಿಹಾಸ ಕೆದಕಿಸಿದ್ದು 2007ರಲ್ಲಿ ಒಂದು ಟಿವಿ ಸಾಕ್ಷ್ಯಚಿತ್ರ ಬಂದ ಮೇಲೆ. ಅಮೆರಿಕದ್ದು ವಾಸಿ ಅಂದರೆ, 1938ರಲ್ಲಿ ಹಿಟ್ಲರನ ಸರ್ಕಾರದಿಂದ ಪದಕ ತಗೊಂಡವನು ಹೆನ್ರಿ ಫೋರ್ಡ್. ಇವರ ವಾದ ಸರಿಯೇ. ಆದರೆ ಎಲ್ಲರೂ ಮಾಡಿದ್ದಾರೆ ಅನ್ನೋದು ನನಗೆ ಸಮಾಧಾನ ಅನ್ನಿಸಲಿಲ್ಲ, ಭಾರ ಹೆಚ್ಚಾಯಿತು. ಫೋಕ್ಸ್‌ವ್ಯಾಗನ್ ಇತಿಹಾಸಕಾರ ಹಾನ್ಸ್ ಮೊಮ್ಸೆನ್ ಕೈಲಿ ತನ್ನದೇ ಕಥೆ ಬರೆಸಿತು, ಪುಸ್ತಕ 1996ರಲ್ಲಿ ಬಂತು. 1998ರಲ್ಲಿ ಬದುಕುಳಿದವರಿಗೆ 2 ಕೋಟಿ ಮಾರ್ಕ್ ನಿಧಿ ಇಟ್ಟಿತು. ಒಳ್ಳೆಯದೇ. ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿದ್ದರೋ.

ಅಜ್ಜಿಯನ್ನು ಕೇಳಿಯೇಬಿಟ್ಟೆ. ಅಲ್ಲಿ ದುಡಿದವರ ವಿಷಯ ನಿಮ್ಮಪ್ಪ ಮಾತಾಡ್ತಿದ್ರಾ? ಅವರು ಕಾಫಿ ಕಲಕುತ್ತಾ ಸುಮಾರು ಹೊತ್ತು ಸುಮ್ಮನಿದ್ದರು. "ಇಲ್ಲ. ಕೊನೇ ತನಕ ಅಪ್ಪ ಮಾತಾಡಿದ್ದು ತನ್ನ ದುಡ್ಡಿನ ವಿಷಯ. ನಾನೂ ನಿನಗೆ ಅದನ್ನೇ ಹೇಳಿದೆ, ಅಲ್ವಾ?"

ನಾನು ಮಾತು ಬದಲಿಸಿದೆ. ಕಾರು ಕೊಳ್ಳುವಾಗ ನಾನೇನು ಇನ್ನೊಂದು ಪ್ರಶ್ನೆ ಕೇಳಿದ್ದೆನೇ?

ಕಾರು ಮಾರಲಿಲ್ಲ. ಒಂದು ಭಾನುವಾರ ಅದರಲ್ಲೇ ರೂಯೆನ್‌ಗೆ ಹೋದೆವು. ಸ್ಮಶಾನದಲ್ಲಿ ಆ ಮಕ್ಕಳ ನೆನಪಿಗೆ ಒಂದು ಜಾಗ ಮಾಡಿದ್ದಾರೆ. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಎಬ್ಬಿಸೋದು ಬೇಡ ಅಂತ ಇವರು ಕಾರಲ್ಲೇ ಉಳಿದರು. ನಾನೊಬ್ಬಳೇ ಇಳಿದು ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಸಂಜೆ ಅಜ್ಜಿಗೆ ಹೇಳಿದೆ. ಅವರು ಹುಟ್ಟಿ ಬೆಳೆದದ್ದೆಲ್ಲ ಇದೇ ಸೀಮೆಯಲ್ಲಿ. ಅಲ್ಲಿಗೆ ಹೋಗಿರಲಿಲ್ಲವಂತೆ. "ಇನ್ನೊಂದು ಸಲ ಹೋದರೆ ನನ್ನನ್ನೂ ಕರ್ಕೊಂಡು ಹೋಗು" ಅಂದರು. ಮುಂದಿನ ಭಾನುವಾರ ಮಳೆಯಿಲ್ಲದಿದ್ದರೆ ಹೋಗಬೇಕು.